ನೂರು ಉಂಗುರ

ಹೈಸ್ಕೂಲಿಗೆ ಹೋಗುವ ಹೊತ್ತಿಗೆ ನಿನಗೆ ಸೂಜಿ ಇರುವುದಿಲ್ಲ ಎಂದು ನಾನು ಕೀರ್ತನಳಿಗೆ ಮಾತು ಕೊಟ್ಟಾಗ ಅವಳು ಎರಡನೇ ತರಗತಿಯಲ್ಲಿದ್ದಳು. ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಆಗ ಮೂರು ತಿಂಗಳು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಬೆಳಗಿನ ಸೂಜಿಯ ಹೊತ್ತಿಗೆ ಸರಿಯಾಗಿ ಬೀರುವಿನ ಹಿಂದೆ ಹೋಗಿ ನಿಂತುಬಿಡುತ್ತಿದ್ದಳು. ಬೀರುವಿಗೂ ಗೋಡೆಗೂ ನಡುವೆ ಒಂದು ಮಗು ಹಿಡಿಸುವಷ್ಟೇ ಜಾಗ. ನನ್ನ ಕೈ ಒಳಗೆ ಹೋಗುತ್ತಿರಲಿಲ್ಲ. ತೂಬಗೆರೆಯಿಂದ ದೊಡ್ಡಬಳ್ಳಾಪುರಕ್ಕೆ ನನಗೆ ಏಳೂಮುಕ್ಕಾಲಿನ ಬಸ್ಸು. ಗಂಡ ಗೋವಿಂದರಾಜು ಹೊಸಕೋಟೆಯ ಫ್ಯಾಕ್ಟರಿಯಲ್ಲಿ ಷಿಫ್ಟು, ವಾರಕ್ಕೊಮ್ಮೆ ಮನೆ. ಒಂದು ದಿನ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡು ಹೇಳಿದೆ:

"ಬಾರೇ. ನಮ್ಮ ಆಫೀಸಲ್ಲಿ ಸೂಜಿ ಇಲ್ದೇ ಇರೋ ಇಂಜೆಕ್ಷನ್ ಮಾಡ್ತಾವ್ರೆ. ನಿಂಗೆ ತಂದ್ಕೊಡ್ತೀನಿ."

"ಯಾವಾಗ?"

"ನೀನು ಹೈಸ್ಕೂಲಿಗೆ ಹೋಗೋ ಹೊತ್ಗೆ."

"ಪ್ರಾಮಿಸ್?"

"ಪ್ರಾಮಿಸ್. ಈಗ ಬಾ, ಬಸ್ ಹೊರಟೋಗುತ್ತೆ."

ಬಂದಳು. ಬಸ್ಸು ಸಿಕ್ಕಿತು. ಬಸ್ಸಿಗೋಸ್ಕರ ಕೊಟ್ಟ ಮಾತು ಅದು. ಆದರೆ ಸುಳ್ಳು ಹೇಳಿರಲಿಲ್ಲ, ಆಫೀಸಿನಲ್ಲಿ ನಿಜವಾಗಿಯೂ ಅದೇ ಕೆಲಸ ನಡೆಯುತ್ತಿತ್ತು.

ಆಫೀಸು ಅಂದರೆ ದೊಡ್ಡಬಳ್ಳಾಪುರದ ಅಂಚಿನಲ್ಲಿ ಮಗ್ಗದ ಷೆಡ್ಡುಗಳ ಸಾಲಿನ ನಡುವೆ ಒಂದು ಹಳೇ ಷೆಡ್ಡು. ಬೆಂಗಳೂರಿನ ಬಾಡಿಗೆ ಕೊಡಲಾಗದೆ, ಇಲ್ಲಿನ ಕಲ್ಲು ಹಾಸಿದ ನೆಲ ಗಟ್ಟಿಯಾಗಿದೆ ಎಂದು ಮೇಘನ ಮೇಡಂ ಅದನ್ನು ಹಿಡಿದಿದ್ದರು. ಲೇಸರ್‌ನಲ್ಲಿ ಡಾಕ್ಟರೇಟ್ ಮಾಡಿದವರು, ನನಗಿಂತ ನಾಲ್ಕು ವರ್ಷ ಚಿಕ್ಕವರು. ನಾನು ಐಟಿಐ ಎಲೆಕ್ಟ್ರಾನಿಕ್ಸ್. ಬೀಗ ತೆಗೆಯುವುದರಿಂದ ಹಿಡಿದು ಕನ್ನಡಿ ಸರಿಮಾಡುವ ತನಕ ಎಲ್ಲವೂ ನನ್ನ ಪಾಲಿಗೆ.

ನಾವು ಮಾಡುತ್ತಿದ್ದುದು ಇಷ್ಟು. ಬೆರಳುದ್ದದ ಗಾಜಿನ ಕೊಳವೆ, ಅದರೊಳಗೆ ಅಕ್ಕಿಕಾಳು ತೂರುವಷ್ಟು ಸಂದು. ಅದರಲ್ಲಿ ನೀರು. ನೀರಿನ ತುದಿಗೆ ತೆಳುವಾದ ರಬ್ಬರ್ ಪೊರೆ, ಪೊರೆಯ ಆಚೆ ಔಷಧಿ. ಒಂದು ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿ, ಅದರಲ್ಲೊಂದು ಭಾಗವನ್ನು ಮತ್ತೆ ಹತ್ತು ಮಾಡಿದರೆ ಸಿಗುವ ಚೂರು ಹೊತ್ತು ಮಾತ್ರ ಲೇಸರ್ ಬೆಳಗುತ್ತದೆ. ಕಣ್ಣಿಗೆ ಕಾಣುವ ಮಾತೇ ಇಲ್ಲ. ಅಷ್ಟರಲ್ಲೇ ನೀರಿನ ಒಂದು ಚುಕ್ಕೆ ಸಿಡಿಯುತ್ತದೆ. ಸಿಡಿದ ಜಾಗದಿಂದ ಆಘಾತದ ಅಲೆ ಸುತ್ತಲೂ ಹರಡುತ್ತದೆ, ನೀರಿನಲ್ಲಿ ಸದ್ದು ಹೋಗುವುದಕ್ಕಿಂತ ಬೇಗ. ಅಲೆಯ ಹಿಂದೆ ಗುಳ್ಳೆ ಉಬ್ಬಿ ಪೊರೆಯನ್ನು ತಳ್ಳುತ್ತದೆ. ಪೊರೆ ತಳ್ಳಿದ ಔಷಧಿ ಕೂದಲಿಗಿಂತ ಸಣ್ಣ ಎಳೆಯಾಗಿ ಚಿಮ್ಮಿ ಚರ್ಮದೊಳಗೆ ಇಳಿಯುತ್ತದೆ. ಸೂಜಿ ಬೇಡ.

ಹಿಂದೆಯೇ ಬರುವ ಇನ್ನೊಂದು ಬೆಳಕಿನ ಮಿಂಚಿನಲ್ಲಿ ಕ್ಯಾಮೆರಾ ಆ ಅಲೆಯ ನೆರಳನ್ನು ಹಿಡಿಯುತ್ತದೆ. ಪರದೆಯ ಮೇಲೆ ಕಪ್ಪು ಉಂಗುರದ ಹಾಗೆ ಕಾಣುತ್ತದೆ. ಉಂಗುರ ದುಂಡಗಿದ್ದು, ಪ್ರತಿ ಸಲವೂ ಒಂದೇ ಜಾಗದಲ್ಲಿ ಬಂದರೆ ಔಷಧಿ ನೇರವಾಗಿ ಒಂದೇ ಆಳಕ್ಕೆ ಇಳಿಯುತ್ತದೆ. ಉಂಗುರ ಸರಿದರೆ ಔಷಧಿ ಸೊಟ್ಟಗೆ ಹೋಗುತ್ತದೆ. ಇನ್ಸುಲಿನ್ ಒಂದು ದಿನ ಒಳಗೆ ಇಳಿದು, ಮರುದಿನ ಚರ್ಮದ ಮೇಲೇ ಹರಿದುಹೋದರೆ ಮಗುವಿನ ಗತಿಯೇನು? ಆದ್ದರಿಂದ ಲೇಸರಿನ ನೂರು ಹೊಡೆತಕ್ಕೆ ತೊಂಬತ್ತೈದು ಉಂಗುರವಾದರೂ ಜಾಗ ಬಿಟ್ಟು ಕದಲಬಾರದು ಎಂಬುದು ನಮ್ಮ ಲೆಕ್ಕ.

ಆರು ವರ್ಷ ಅದರ ಹಿಂದೆ ಬಿದ್ದಿದ್ದೆವು. ಈ ವರ್ಷ ಮಾರ್ಚಿನಲ್ಲಿ ಮುಂಬೈನ ಒಂದು ಔಷಧಿ ಕಂಪನಿಯವರು ನೋಡಲು ಬರುವುದೆಂದಾಯಿತು. ಅವರು ಒಪ್ಪಿದರೆ ಮನುಷ್ಯರ ಮೇಲಿನ ಪರೀಕ್ಷೆಯ ಖರ್ಚು ಅವರದು. ಒಪ್ಪದಿದ್ದರೆ ಈ ಕೆಲಸ ಮುಚ್ಚಿ, ಲೇಸರನ್ನು ಗಾಜು ಕೊರೆಯುವ ಕೂಲಿ ಕೆಲಸಕ್ಕೆ ಹಾಕಬೇಕಾಗುತ್ತದೆ ಎಂದು ಮೇಡಂ ಮೊದಲೇ ಹೇಳಿಬಿಟ್ಟಿದ್ದರು.

ಕೀರ್ತನಳಿಗೂ ಆ ತಾರೀಖು ಗೊತ್ತಿತ್ತು. ಏಳನೇ ತರಗತಿ ಮುಗಿಯುತ್ತಿತ್ತು. ಜೂನ್‌ಗೆ ದೊಡ್ಡಬಳ್ಳಾಪುರದ ಹೈಸ್ಕೂಲು. ಊರಿನ ಸ್ಕೂಲಿನಲ್ಲಿ ಅವಳಿಗೆ 'ಪಂಚರ್' ಎಂದು ಹೆಸರಿಟ್ಟಿದ್ದರು. ಮಧ್ಯಾಹ್ನ ಊಟದ ಬೆಲ್ಲು ಹೊಡೆದ ತಕ್ಷಣ ಇನ್ಸುಲಿನ್ ಪೆನ್ನು ಹಿಡಿದು ಶೌಚಾಲಯಕ್ಕೆ ಓಡುವವಳು, ಹೊರಗೆ ಬರುವಷ್ಟರಲ್ಲಿ ಯಾರಾದರೊಬ್ಬರು "ಗಾಳಿ ಹೊಡ್ಸ್ಕೊಂಡ್ಯಾ?" ಎನ್ನುವವರು.

"ಹೊಸ ಸ್ಕೂಲಲ್ಲಿ ಯಾರಿಗೂ ಗೊತ್ತಾಗ್ಬಾರ್ದು ಕಣಮ್ಮ," ಎಂದಿದ್ದಳು.

"ಜೂನ್ ಹೊತ್ಗೆ ಆಗಲ್ಲ ಪುಟ್ಟಿ. ಇವ್ರು ಒಪ್ಕೊಂಡ್ರೂ ಮೊದ್ಲು ದೊಡ್ಡವ್ರ ಮೇಲೆ ಪರೀಕ್ಷೆ ಮಾಡ್ಬೇಕು."

"ಲೇಟಾದ್ರೆ ಲೇಟಾಗ್ಲಿ. ನೀನ್ ಹೇಳಿದ್ದು ಹೈಸ್ಕೂಲು. ಹೈಸ್ಕೂಲು ಅಂದ್ರೆ ಟೆಂತ್‌ವರ್ಗೂ ಇರುತ್ತೆ. ಬರುತ್ತೆ ಅಂತ ಗೊತ್ತಿದ್ರೆ ಸಾಕು."

ಹೀಗೆ ನನಗೆ ಅವಳೇ ವಾಯಿದೆ ಕೊಟ್ಟಳು.

ಉಂಗುರಗಳು ಮಾತ್ರ ವಾಯಿದೆ ಕೊಡಲಿಲ್ಲ. ಜನವರಿಯಿಂದ ಹೊಸ ಕೊಳವೆ ಹಾಕಿದ್ದೆವು, ಹಳೆಯದಕ್ಕಿಂತ ಸಪೂರ. ಅವತ್ತಿನಿಂದ ಶುರುವಾಯಿತು ರಗಳೆ. ನೂರಕ್ಕೆ ಅರವತ್ತೆರಡು ಸರಿ ಬಂದರೆ ಮೂವತ್ತೆಂಟು ಎಲ್ಲೆಲ್ಲೋ. ಕೆಲವು ಸಲ ಒಂದರ ಜಾಗದಲ್ಲಿ ಎರಡು ಉಂಗುರ, ಕಡಲೆಕಾಯಿಯ ಹಾಗೆ ಅಂಟಿಕೊಂಡು. ಮಸೂರ ಬಿಚ್ಚಿ ಹಾಕಿದೆ. ಕನ್ನಡಿ ಬದಲಿಸಿದೆ. ನೀರಿನ ಕ್ಯಾನು ಬದಲಿಸಿದೆ. ಮೇಡಂ ಮೂರು ದಿನ ಕಂಪ್ಯೂಟರ್ ಮುಂದೆ ಕೂತು ಏನೇನೋ ತಿದ್ದಿದರು. ಅರವತ್ತೈದು. ಮತ್ತೆ ಅರವತ್ತು.

ಕೊಳವೆಯನ್ನು ನಾನು ಎಷ್ಟು ಚೊಕ್ಕಟವಾಗಿ ಇಡುತ್ತಿದ್ದೆನೆಂದರೆ ಅದರ ಬಗ್ಗೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಪ್ರತಿ ನೂರು ಹೊಡೆತಕ್ಕೆ ಮೊದಲು ಬಿಚ್ಚಿ, ಪೊರೆ ಬದಲಿಸಿ, ಒಳಗೆಲ್ಲ ಒರೆಸಬೇಕು. ಹೊಸ ಕೊಳವೆಯ ಸಂದಿಗೆ ಬಟ್ಟೆ ಹೋಗುವುದಿಲ್ಲ, ಹತ್ತಿಯ ಕಡ್ಡಿಯೂ ಹೋಗುವುದಿಲ್ಲ. ನಮ್ಮದು ನೇಕಾರರ ಮನೆ. ಮಗ್ಗದ ಬಾಚಣಿಗೆಯಂಥ ಹಣಿಗೆಯ ಸಂದುಗಳಲ್ಲಿ ಧೂಳು ಕೂತರೆ ಅವ್ವ ನಾಲ್ಕು ರೇಷ್ಮೆ ಎಳೆ ಸೇರಿಸಿ ಹೊಸೆದು ಒಳಗೆ ತೂರಿಸಿ ಎಳೆಯುತ್ತಿದ್ದಳು. ನಾನೂ ಹಾಗೇ ಮಾಡಿದೆ. ಪಕ್ಕದ ಷೆಡ್ಡಿನಲ್ಲಿ ಬಿದ್ದಿದ್ದ ಎಳೆಗಳನ್ನು ತಂದು, ಹೊಸೆದು, ನೀರಿನಲ್ಲಿ ಅದ್ದಿ, ಕೊಳವೆಯಲ್ಲಿ ಈ ಕಡೆಯಿಂದ ಆ ಕಡೆಗೆ ಎಳೆದರೆ ಗಾಜು ಫಳಫಳ. ಮೇಡಂ ನೋಡಿ, "ಎಷ್ಟ್ ಚೆನ್ನಾಗಿದೆ ರತ್ನಾ ಅವರೇ, ಇದನ್ನ ಯಾವ ಪುಸ್ತಕದಲ್ಲೂ ಬರೆದಿಲ್ಲ," ಎಂದಿದ್ದರು. ಎರಡು ದಿನ ನಾನು ಅದೇ ಖುಷಿಯಲ್ಲಿದ್ದೆ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ನಮ್ಮ ಲೇಸರ್ ಬ್ಯಾಟರಿಯ ಮೇಲೆ ಓಡುತ್ತಿತ್ತು, ನಲವತ್ತು ನಿಮಿಷ ತಡೆಯುತ್ತದೆ. ಇರುವಷ್ಟರಲ್ಲಿ ಒಂದು ಸಲ ಮುಗಿಸಿಬಿಡೋಣ ಎಂದು ಕೊಳವೆ ಬಿಚ್ಚದೆ, ಹಳೇ ನೀರು ಚೆಲ್ಲಿ, ಎರಡು ಸಲ ಹೊಸ ನೀರು ಹಾಯಿಸಿ ಶುರು ಮಾಡಿದೆವು. ತೊಂಬತ್ತಾರು ಉಂಗುರ ಸರಿ ಬಂದವು.

ಮೇಡಂ ಕುರ್ಚಿಗೆ ಒರಗಿ ಹೊರಗಿನ ನಿಶ್ಶಬ್ದವನ್ನು ಕೇಳಿಸಿಕೊಂಡರು. "ಮಗ್ಗ," ಎಂದರು.

ಆಮೇಲೆ ಎಲ್ಲಾ ಸಲವೂ ಹಾಗೇ ಆಯಿತು. ಕರೆಂಟಿದ್ದಾಗ ಅರವತ್ತು ಚಿಲ್ಲರೆ, ಕರೆಂಟು ಹೋದಾಗ ತೊಂಬತ್ತರ ಮೇಲೆ. ಮಗ್ಗದ ಅದುರು ಕಲ್ಲುನೆಲದಲ್ಲಿ ಹಾದು ಬಂದು ನಮ್ಮ ಮೇಜನ್ನು ಅಲ್ಲಾಡಿಸುತ್ತಿದೆ, ಹಳೇ ಕೊಳವೆ ತಡೆದುಕೊಂಡಿದ್ದನ್ನು ಈ ಸಪೂರದ್ದು ತಡೆಯುತ್ತಿಲ್ಲ ಎಂದು ತೀರ್ಮಾನವಾಯಿತು.

"ಬೇರೆ ಏನೂ ವ್ಯತ್ಯಾಸ ಇಲ್ಲ ಅಲ್ವಾ?" ಎಂದು ಮೇಡಂ ಕೇಳಿದರು. "ನೀರು, ಪವರ್, ಎಲ್ಲಾ ಒಂದೇ?"

"ಎಲ್ಲಾ ಒಂದೇ," ಎಂದೆ. ದಿನದ ಲೆಕ್ಕದ ಪುಸ್ತಕದಲ್ಲೂ ಹಾಗೇ ಬರೆದೆ. ಒರೆಸಿದ್ದು, ಒರೆಸದೇ ಇದ್ದದ್ದು ಅದರಲ್ಲಿ ಇರಲಿಲ್ಲ. ಕಸ ಗುಡಿಸಿದ್ದನ್ನು ಯಾರಾದರೂ ಬರೆದಿಡುತ್ತಾರೆಯೇ?

ಪಕ್ಕದ ಷೆಡ್ಡು ಆದಿನಾರಾಯಣಪ್ಪನವರದು. ಎಂಟು ಪವರ್‌ಲೂಮು. ನಮ್ಮಪ್ಪನ ಜೊತೆಯವರು, ನಾನು ಮಾವ ಎನ್ನುತ್ತೇನೆ. ಮಾರ್ಚಿನ ಮೊದಲ ವಾರ ಅವರ ಬಾಗಿಲಿಗೆ ಹೋದೆ. ಅವರು ಮಗ್ಗದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಟಕಟಕದ ನಡುವೆ ಕೂಗಿ ಮಾತಾಡಬೇಕು.

"ಏನಮ್ಮ, ನೀರಿಗೆ ಬೆಂಕಿ ಹಚ್ಚೋರು ನಮ್ಮ ಬಾಗ್ಲಿಗೆ ಬಂದ್ಬಿಟ್ರಿ?"

"ಮಾವ, ಇಪ್ಪತ್ನಾಲ್ಕನೇ ತಾರೀಖು ಒಂದಿನ ಮಗ್ಗ ನಿಲ್ಲಿಸ್ಬೇಕು."

"ಕರೆಂಟ್ ಹೋದ್ರೆ ಕುಣಿಯೋರು ಈ ಬೀದೀಲಿ ನೀವೊಬ್ರೇ ಅಂತ ಜನ ಆಡ್ಕೋತಾವ್ರೆ. ಈಗ ಇರೋ ಕರೆಂಟ್ನೂ ತೆಗೀ ಅಂತೀಯ. ಲಗ್ನದ ಸೀಸನ್ನು ಕಣಮ್ಮ. ನಿಮ್ಮಪ್ಪ ಇದ್ದಿದ್ರೆ ಹಿಂಗ್ ಕೇಳ್ತಿದ್ನಾ?"

"ಅಪ್ಪ ಇದ್ದಿದ್ರೆ ನಮ್ ಲೇಸರ್‌ಗೆ ಎರಡು ಬಾರಿಸ್ತಿದ್ರು."

ಅವರು ನಗಲಿಲ್ಲ. ಒಳಗಿನಿಂದ ಅವರ ಹೆಂಡತಿ ರುಕ್ಮಿಣಮ್ಮ ಕಂಡಿಕೆಗೆ ನೂಲು ಸುತ್ತುತ್ತಿದ್ದವರು ಅಲ್ಲಿಂದಲೇ ಬಾಯಿ ಹಾಕಿದರು: "ಮಗೀಗೋಸ್ಕರ ಕೇಳ್ತಾವ್ಳೆ. ಒಂದಿನ ನಿಲ್ಸಿದ್ರೆ ಮಗ್ಗ ಏನ್ ಮುನಿಸ್ಕೋತದಾ? ಮೂವತ್ತು ವರ್ಷದಿಂದ ಘಾಟಿ ದೇವಸ್ಥಾನಕ್ಕೆ ಒಂದಿನ ಕರ್ಕೊಂಡೋಗಿ ಅಂತಿದೀನಿ, ನಂಗೂ ನಿಲ್ಸಿಲ್ಲ ಈವಯ್ಯ."

"ನೀನ್ ಸುಮ್ಕಿರು."

"ಸುಮ್ಕೇ ಅವ್ನಿ. ಅದ್ಕೇ ಮೂವತ್ತು ವರ್ಷ ಆಗಿದ್ದು."

ಆದಿನಾರಾಯಣಪ್ಪನವರು ಸ್ವಲ್ಪ ಹೊತ್ತು ಲಾಳಿ ಓಡುವುದನ್ನೇ ನೋಡಿದರು. "ನಿನ್ ಮಗ್ಳಿಗೆ ಸೂಜಿ ತಪ್ತದಾ ಇದ್ರಿಂದ?"

"ಇದಾದ್ರೆ ದಾರಿ ಆಗುತ್ತೆ ಮಾವ."

"ಅಂಗಾದ್ರೆ ಆ ಕಡೆ ಈ ಕಡೆ ಷೆಡ್ಡೋರಿಗೂ ನಾನೇ ಹೇಳ್ತೀನಿ. ನೀನ್ ಹೇಳಿದ್ರೆ ಕೇಳಲ್ಲ ಅವ್ರು."

ಇಪ್ಪತ್ತನಾಲ್ಕರ ಬೆಳಿಗ್ಗೆ ಹತ್ತಕ್ಕೆ ಮೂರು ಷೆಡ್ಡು ನಿಂತವು. ಹದಿನೇಳು ಮಗ್ಗ. ಬೀದಿಯಲ್ಲಿ ಕಾಗೆ ಕೂಗಿದ್ದು ಕೇಳಿಸುತ್ತಿತ್ತು. ಮುಂಬೈನವರು ಮೂವರು ಬಂದರು. ಚರ್ಮದ ಬದಲಿಗೆ ಜೆಲ್ಲಿಯ ಗಟ್ಟಿ ಇಟ್ಟಿದ್ದೆವು. ನೂರು ಹೊಡೆತಕ್ಕೂ ಎಳೆ ಎಷ್ಟು ಆಳಕ್ಕೆ ಇಳಿಯುತ್ತದೆಂದು ಅವರು ಕಣ್ಣಾರೆ ನೋಡಬಹುದಿತ್ತು. ಅವತ್ತು ಕೊಳವೆಯನ್ನು ನಾನು ಒಂದಲ್ಲ ಮೂರು ಸಲ ಒರೆಸಿದ್ದೆ, ಪ್ರತಿ ಸಲವೂ ಹೊಸ ಎಳೆ. ಮೇಡಂ ಒಂದು ಸಲ ಸಾಕು ಎಂದರೂ ಬಿಡಲಿಲ್ಲ.

ಮೊದಲ ಉಂಗುರ ದುಂಡಗೆ, ಜಾಗದಲ್ಲೇ ಬಂತು. ಎರಡನೆಯದು ಎಡಕ್ಕೆ ಸರಿಯಿತು. ಮೂರನೆಯದರಲ್ಲಿ ಎರಡು. ನಾಲ್ಕನೆಯದರಲ್ಲಿ ಉಂಗುರವೇ ಇಲ್ಲ, ಕೊಳವೆಯ ಗೋಡೆಯ ಹತ್ತಿರ ಏನೋ ಒಂದು ಕಲೆ. ಜೆಲ್ಲಿಯೊಳಗೆ ಎಳೆಗಳು ಒಂದು ಹೀಗೆ, ಒಂದು ಹಾಗೆ, ಕೆಲವು ಮೇಲೆಯೇ ಚೆಲ್ಲಿ ಹನಿಯಾಗಿ ನಿಂತವು. ಮೇಡಂ ನಿಲ್ಲಿಸಿ ಮತ್ತೆ ಶುರು ಮಾಡಿದರು. ನಾನು ಮತ್ತೊಮ್ಮೆ ಬಿಚ್ಚಿ ಮತ್ತೊಮ್ಮೆ ಒರೆಸಿದೆ. ಎರಡನೇ ಸಲ ಇನ್ನೂ ಕೆಟ್ಟದಾಗಿ ಬಂತು. ನೂರಕ್ಕೆ ನಲವತ್ತೊಂದು. ಆರು ವರ್ಷದಲ್ಲಿ ಅಷ್ಟು ಕಡಿಮೆ ಎಂದೂ ಬಂದಿರಲಿಲ್ಲ.

ಬಂದವರು ಒಳ್ಳೆಯವರೇ. ಬೈಯಲಿಲ್ಲ. ತುಂಬಾ ಆಸಕ್ತಿಕರವಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ, ನಾವು ತರಿಸಿದ್ದ ಊಟ ಮಾಡದೆ ವಿಮಾನದ ಹೊತ್ತಾಯಿತೆಂದು ಹೊರಟರು. ಅಷ್ಟು ಮರ್ಯಾದೆಯಾಗಿ ಹೊರಟವರು ಮತ್ತೆ ಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮೂರು ಗಂಟೆಗೆ ಆದಿನಾರಾಯಣಪ್ಪನವರು ಚಪ್ಪಲಿ ಹೊರಗೆ ಬಿಟ್ಟು ಬಂದರು. ಆರು ವರ್ಷದಲ್ಲಿ ಅವರು ನಮ್ಮ ಷೆಡ್ಡಿನೊಳಗೆ ಕಾಲಿಟ್ಟಿದ್ದು ಅದೇ ಮೊದಲು.

"ಆಯ್ತೇನಮ್ಮ? ಮಗ್ಗ ಹಾಕ್ಲಾ?"

"ಹಾಕಿ ಮಾವ."

ನನ್ನ ಮುಖ ನೋಡಿದರು. ಹೋಗದೆ ನಿಂತರು. ಮೇಜಿನ ಮೇಲೆ ಬಿದ್ದಿದ್ದ ಎಳೆಯ ಸುರುಳಿಯನ್ನು ಕೈಗೆತ್ತಿಕೊಂಡು ಹೆಬ್ಬೆರಳಲ್ಲಿ ಉಜ್ಜಿದರು. ನೇಕಾರರ ಕೈ, ಎಳೆ ಕಂಡರೆ ಸುಮ್ಮನಿರುವುದಿಲ್ಲ.

"ಇದು ನಮ್ದೇ ಎಳೆ ಅಲ್ವಾ? ಕ್ರೇಪ್ ಸೀರೇದು?"

"ಹೂಂ. ಕೊಳವೆ ಒರ್ಸೋಕೆ."

"ಒಣಗಿರೋ ಕೊಳವೆನಾ?"

"ಅಲ್ಲ. ಎಳೆ ಒದ್ದೆ ಮಾಡ್ಕೊಂಡು."

ಅವರು ಎಳೆಯನ್ನು ಮೆಲ್ಲಗೆ ಕೆಳಗಿಟ್ಟರು. "ಕಚ್ಚಾ ರೇಷ್ಮೆ ಕಣಮ್ಮ ಇದು. ನೇಯ್ದ್ ಮೇಲೇ ನಾವ್ ಬೇಯ್ಸೋದು."

ಮುಂದೆ ಹೇಳಬೇಕಾಗಿರಲಿಲ್ಲ. ಹುಳು ಗೂಡು ಕಟ್ಟುವಾಗ ಎಳೆಗೆ ಬಳಿದ ಅಂಟು ಕಚ್ಚಾ ರೇಷ್ಮೆಯಲ್ಲಿ ಹಾಗೇ ಇರುತ್ತದೆ. ಸೋಪಿನ ನೀರಿನಲ್ಲಿ ಬೇಯಿಸಿದರೆ ಮಾತ್ರ ಪೂರ್ತಿ ಹೋಗುತ್ತದೆ. ಬರೀ ನೀರು ತಾಗಿದರೂ ಸ್ವಲ್ಪ ಸ್ವಲ್ಪ ಬಿಡುತ್ತಲೇ ಇರುತ್ತದೆ. ಹತ್ತು ವರ್ಷದ ಹುಡುಗಿಯಾಗಿದ್ದಾಗ ನಾನೇ ಹಂಡೆಯ ಮುಂದೆ ನಿಂತು ಕೋಲಿನಲ್ಲಿ ಬಟ್ಟೆ ತಿರುವಿದವಳು. ಆ ನೀರು ಕೈಗೆ ಲೋಳೆಯ ಹಾಗೆ ಹತ್ತುತ್ತಿದ್ದುದು ಗೊತ್ತು. ಅವ್ವ ಹಣಿಗೆ ಒರೆಸುತ್ತಿದ್ದುದು ಒಣ ಎಳೆಯಲ್ಲಿ. ಒದ್ದೆ ಮಾಡಿದವಳು ನಾನು. ಆ ಅಂಟು, ಅದರ ಜೊತೆ ಮುರಿದ ನವಿರು ತುಣುಕುಗಳು ಕೊಳವೆಯ ಗಾಜಿಗೆ ಹತ್ತಿ, ನೀರು ತುಂಬಿದಾಗ ತೇಲಿ ಬೆಳಕಿನ ದಾರಿಗೆ ಬಂದರೆ ನೀರು ಸಿಡಿಯಬೇಕಾದ ಜಾಗ ಬಿಟ್ಟು ಅವು ಇದ್ದ ಕಡೆಯೇ ಸಿಡಿಯುತ್ತದೆ. ಕರೆಂಟು ಹೋದಾಗ ಅವಸರಕ್ಕೆ ಒರೆಸುತ್ತಿರಲಿಲ್ಲ, ಬರೀ ತೊಳೆಯುತ್ತಿದ್ದೆ. ಅದಕ್ಕೇ ತೊಂಬತ್ತಾರು. ಮಗ್ಗ ಏನೂ ಮಾಡಿರಲಿಲ್ಲ.

"ನಿಂಗೊತ್ತಿಲ್ದೇ ಇರ್ತದಾ," ಎಂದರು ಆದಿನಾರಾಯಣಪ್ಪನವರು. ಮೂದಲಿಕೆಗೆ ಹೇಳಿದ್ದಲ್ಲ. ಮೂದಲಿಸಿದ್ದರೆ ವಾಸಿಯಿತ್ತು. ಹೊರಗೆ ಹೋಗಿ ಮಗ್ಗ ಹಾಕಿದರು.

ಮರುದಿನ ಕೊಳವೆಯನ್ನು ಬಿಸಿ ಸೋಪಿನ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಸ್ಪಿರಿಟ್ಟಿನಲ್ಲಿ ತೊಳೆದು, ಎಳೆ ಮುಟ್ಟಿಸದೆ ನೀರು ತುಂಬಿದೆ. ಹದಿನೇಳು ಮಗ್ಗವೂ ಓಡುತ್ತಿದ್ದವು. ನೂರಕ್ಕೆ ತೊಂಬತ್ತೆಂಟು ಉಂಗುರ, ಒಂದರ ಮೇಲೊಂದು ಇಟ್ಟರೆ ಒಂದೇ ಉಂಗುರದ ಹಾಗೆ. ನಾಲ್ಕು ಸಲ ಮಾಡಿದೆವು. ನಾಲ್ಕು ಸಲವೂ ತೊಂಬತ್ತೇಳರ ಮೇಲೆ.

ಮೇಡಂ ಪರದೆಯನ್ನೇ ನೋಡುತ್ತ ಕೂತಿದ್ದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ನಾನೂ ನೋಡಿದ್ದೆ ರತ್ನಾ ಅವರೇ. ನಾನೂ ಚೆನ್ನಾಗಿದೆ ಅಂದಿದ್ದೆ."

"ನಿಮಗೆ ರೇಷ್ಮೆ ಗೊತ್ತಿಲ್ಲ ಮೇಡಂ. ನಂಗೆ ಗೊತ್ತು."

ಅವರು ಕಂಪ್ಯೂಟರ್ ಕಡೆ ತಿರುಗಿದರು. ಚಿತ್ರಗಳನ್ನೆಲ್ಲ ಮುಂಬೈಗೆ ಕಳಿಸಿದರು, ಆದದ್ದನ್ನು ಮುಚ್ಚಿಡದೆ ಬರೆದರು, ಇನ್ನೊಂದು ಸಲ ಬನ್ನಿ ಎಂದು ಕೇಳಿದರು. ನಾಲ್ಕು ದಿನ ಬಿಟ್ಟು ಉತ್ತರ ಬಂತು. ಈ ವರ್ಷದ ತೀರ್ಮಾನ ಆಗಿಹೋಗಿದೆ, ಶುಭವಾಗಲಿ ಎಂದು ಎರಡು ಸಾಲು. ಮೇಡಂ ಇನ್ನೂ ಮೂರು ಕಡೆ ಬರೆದರು. ಒಂದು ಕಡೆಯಿಂದ ಉತ್ತರವೇ ಬರಲಿಲ್ಲ, ಇನ್ನೆರಡು ಕಡೆ ಮುಂಬೈನವರು ಯಾಕೆ ಬಿಟ್ಟರು ಎಂದು ಕೇಳಿದರು.

ಏಪ್ರಿಲ್ ಕೊನೆಗೆ ಕೊಳವೆ, ಪೊರೆ, ಎಲ್ಲವನ್ನೂ ರಟ್ಟಿನ ಡಬ್ಬಕ್ಕೆ ಹಾಕಿ ಟೇಪು ಅಂಟಿಸಿದೆ. ಈಗ ಅದೇ ಲೇಸರಿನಲ್ಲಿ ಫೋನಿನ ಗಾಜಿಗೆ ತೂತು ಕೊರೆಯುತ್ತೇವೆ. ದಿನಕ್ಕೆ ಎಂಟುನೂರು ತೂತು. ಒಂದೂ ಸೊಟ್ಟಗೆ ಬರುವುದಿಲ್ಲ.

ಕೀರ್ತನಳಿಗೆ ಒಂದು ಸಂಜೆ ಹೇಳಿದೆ. ನಾನು ಪಾತ್ರೆ ಉಜ್ಜುತ್ತಿದ್ದೆ, ಅವಳು ಹೊಸ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದಳು. ಎಳೆಯ ವಿಷಯವನ್ನೂ ಬಿಡದೆ ಹೇಳಿದೆ. ಅವಳು ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತ ಕೇಳಿಸಿಕೊಂಡಳು.

"ಅಂದ್ರೆ ನೀನ್ ಜಾಸ್ತಿ ಕ್ಲೀನ್ ಮಾಡಿದ್ದಕ್ಕೇ ಹಾಳಾಯ್ತು."

"ಹೂಂ."

"ಮನೇಲೂ ಹಂಗೇ ಮಾಡ್ತೀಯ."

ಇನ್ನೊಂದು ಪುಸ್ತಕ ಎಳೆದುಕೊಂಡಳು. ಆಮೇಲೆ ಅವಳು ಪುಸ್ತಕದಿಂದ ತಲೆ ಎತ್ತದೆ ಕೇಳಿದಳು: "ಟೆಂತ್‌ವರ್ಗೂ ಟೈಮಿದ್ಯಲ್ಲ. ಅಷ್ಟ್ರೊಳಗೂ ಆಗಲ್ವಾ?"

"ಆಗಲ್ಲ ಪುಟ್ಟಿ. ಆ ಕೆಲ್ಸಾನೇ ನಿಲ್ಸಿದ್ದಾರೆ."

"ಸರಿ ಬಿಡು. ಎರಡನೇ ಕ್ಲಾಸಲ್ಲಿ ನಾನೂ ಬಸ್ ಡ್ರೈವರ್ ಆಗ್ತೀನಿ ಅಂದಿದ್ದೆ."

ನನಗೆ ಸಮಾಧಾನ ಮಾಡುವ ಕೆಲಸವನ್ನೂ ಅವಳ ಮೇಲೆ ಹಾಕಿದ್ದೆ. ಅದಕ್ಕೆ ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಮುಂಬೈನವರ ಮೇಲೆ ಬಂದಿರಲಿಲ್ಲ.

ಜೂನ್ ಮೊದಲ ವಾರ ಸ್ಕೂಲು ಶುರುವಾಯಿತು. ಬೆಳಿಗ್ಗೆ ಏಳಕ್ಕೆ ಅವಳೇ ಪೆನ್ನಿಗೆ ಹೊಸ ಸೂಜಿ ಸಿಕ್ಕಿಸಿ, ಹೊಟ್ಟೆಗೆ ಚುಚ್ಚಿಕೊಂಡು, ಹತ್ತು ಎಣಿಸಿ ತೆಗೆದಳು. ಮಧ್ಯಾಹ್ನದ್ದನ್ನು ಜಾಮಿಟ್ರಿ ಬಾಕ್ಸಿಗೆ ಹಾಕಿಕೊಂಡಳು. ಹೊಸ ಹೈಸ್ಕೂಲಿನ ಶೌಚಾಲಯಕ್ಕೆ ಚಿಲಕ ಇದೆಯೋ ಇಲ್ಲವೋ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಇಬ್ಬರೂ ಏಳೂಮುಕ್ಕಾಲಿನ ಬಸ್ಸು ಹತ್ತಿದೆವು.

ಕೊಟ್ಟ ಮಾತು ನಡೆಸಲಿಲ್ಲ.